ದೊಡ್ಡವ್ವನ ಹೊಟ್ಟೆಯ ಕಲ್ಲು ಮತ್ತು ಸರಕಾರದ ಕಾರ್ಡು

ದೇವರೇ ಪ್ರತ್ಯಕ್ಷನಾಗಿ ವರ ಕೇಳು ಎಂದರೂ ನಮ್ಮ ದೊಡ್ಡವ್ವ ಮೊದಲು ಕೇಳುವುದು, "ಅದರಾಗ ನಿಮಗೇನ್ ಲಾಭ?" ಎಂದೇ! ಉತ್ಪ್ರೇಕ್ಷೆ ಅನ್ನಿಸಿತೆ? ಹಾಗಾದರೆ ನೀವು ಅವಳನ್ನು ನೋಡಿಲ್ಲ. ಗೋವಾದ ಕೊರ್ತಾಲಿಮ್‌ನ ನಮ್ಮ ಬಾಡಿಗೆ ಖೋಲಿಯ ಮುಂದೆ ಕೂತು ಜೋಳದ ರೊಟ್ಟಿ ಬಡಿದು ಮಾರುವ ಈ ಹೆಂಗಸು ಹಾಲಿನ ಪಾಕೀಟನ್ನು ಬಿಸಿಲಿಗೆ ಹಿಡಿದು ನೋಡುತ್ತಾಳೆ. ಒಳಗೇನು ಕಾಣುತ್ತದೆ ಎಂದರೆ, "ಏನೂ ಕಾಣಂಗಿಲ್ಲ, ಅದಕ್ಕ ಸಂಶೇ" ಎನ್ನುತ್ತಾಳೆ.

ನನಗೆ ವೆರ್ಣಾದ ಔಷಧ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಸಿಕ್ಕಾಗ, ಕಂಪನಿ ಬಸ್ಸು ಮನೆ ಹತ್ತಿರಕ್ಕೇ ಬರುತ್ತದೆ ಎಂದು ಹಿಗ್ಗಿನಿಂದ ಹೇಳಿದೆ.

"ಪುಕ್ಕಟೆ ಕರ್ಕೊಂಡು ಹೋಗ್ತಾರ, ಖರೇ. ವಾಪಸ್ ತಂದು ಬಿಡ್ತೀವಂತ ಬರ್ದು ಕೊಟ್ಟಾರೇನು?"

ಮೊದಲ ವಾರ ದಿನಾ ಸಂಜೆ ರಸ್ತೆಗೆ ಬಂದು ನಿಂತು, ಬೆಳಿಗ್ಗೆ ಹೋದ ಬಸ್ಸೇ ಬಂತೋ ಇಲ್ಲವೋ ಎಂದು ನಂಬರು ತಾಳೆ ನೋಡಿದಳು!

ಇಂಥವಳ ಹೊಟ್ಟೆಯಲ್ಲಿ ಕಲ್ಲು ಸಿಕ್ಕಿತು. ಊಟವಾದ ಮೇಲೆ ಬಲಪಕ್ಕೆಯಲ್ಲಿ ಹಿಂಡುವಂಥ ನೋವು, ರೊಟ್ಟಿ ಬಡಿಯುತ್ತಲೇ ಮುದುಡಿ ಮಲಗಿಬಿಡುತ್ತಿದ್ದಳು. ಸ್ಕ್ಯಾನ್ ನೋಡಿದ ಡಾಕ್ಟರು, ಪಿತ್ತಕೋಶದಲ್ಲಿ ಕಲ್ಲುಗಳಿವೆ, ತಡಮಾಡದೆ ಆಪರೇಶನ್ ಆಗಬೇಕು ಎಂದರು. ದೊಡ್ಡವ್ವ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಮೂವತ್ತ ವರ್ಷ ಜ್ವಾಳದಾಗಿನ ಕಲ್ಲ ಆರಿಸೀನ್ರಿ ಸಾಹೇಬ್ರ. ನನ್ನ ಕಣ್ಣ ತಪ್ಪಿಸಿ ಒಳಗ ಹೆಂಗ ಹೋದ್ವು? ನಿಮ್ಮ ಮಶೀನದಾಗ ಮೊದಲ ಇದ್ದುವೇನೋ ನೋಡ್ರಿ!"

ಏನಂದರು ಎಂದು ಡಾಕ್ಟರು ನನ್ನನ್ನು ಕೇಳಿದರು. ನಮಸ್ಕಾರ ಹೇಳಿದಳು ಎಂದು ನಾನು ಕೊಂಕಣಿಯಲ್ಲಿ ತಿಳಿಸಿದೆ.

ಖಾಸಗಿ ಆಸ್ಪತ್ರೆಯ ಖರ್ಚು ನಮ್ಮಂಥವರ ಕೈಗೆ ಎಟುಕುವುದೆ? ವಿಮೆಯ ಹುಡುಕಾಟ ಶುರುವಾಯಿತು. ನನ್ನ ಕಂಪನಿಯ ಕಾರ್ಡಿನಲ್ಲಿ ಅವ್ವ, ಅಪ್ಪನಿಗೆ ಮಾತ್ರ ಜಾಗ, ದೊಡ್ಡವ್ವನಿಗಿಲ್ಲ. ಗೋವಾ ಸರಕಾರದ ಕಾರ್ಡಿಗೆ ಇಲ್ಲಿ ಇಷ್ಟು ವರ್ಷ ವಾಸವಿದ್ದೇವೆ ಎಂಬ ಪುರಾವೆ ಬೇಕು, ಅದನ್ನು ಬರೆದುಕೊಡಲು ಖೋಲಿಯ ಮಾಲಕ ಒಪ್ಪಲಿಲ್ಲ. ಉಳಿದದ್ದು ಕರ್ನಾಟಕದ ನಮ್ಮೂರಿನ ರೇಶನ್ ಕಾರ್ಡಿನ ಮೇಲೆ ಸಿಗುವ ಸರಕಾರದ ಆರೋಗ್ಯ ಕಾರ್ಡು. ಪಟ್ಟಿಯಲ್ಲಿರುವ ಆಸ್ಪತ್ರೆಯಾದರೆ ಬೇರೆ ರಾಜ್ಯದಲ್ಲೂ ನಡೆಯುತ್ತದೆ. ಇದನ್ನೆಲ್ಲ ನಾನು ಬೆರಳು ಮಡಚಿ ಮಡಚಿ ವಿವರಿಸಿದೆ.

"ಕಂಪನಿ ಕಾರ್ಡು ನನ್ನ ಬ್ಯಾಡ ಅಂತು. ಗೋವಾ ಕಾರ್ಡೂ ಬ್ಯಾಡ ಅಂತು. ಇದೊಂದ ಬಾ ಬಾ ಅಂತ ಕರ್ಯಾಕತ್ತೈತಿ. ನನಗ ಇದರ ಮ್ಯಾಲ ಸಂಶೇ!"

ಹೇಗೋ ಎಳೆದುಕೊಂಡು ಕಾರ್ಡು ಮಾಡುವ ಅಂಗಡಿಗೆ ಹೋದೆ. ಅಲ್ಲಿ ಕೂತಿದ್ದವನು ಬೆಳಗಾವಿ ಕಡೆಯವನು, ಭಾಳ ಮರ್ಯಾದಸ್ಥ. "ಫೋನಿಗೆ ಓಟಿಪಿ ಬಂದೈತಿ ನೋಡ್ರಿ ಮಾವ್ಶಿ, ಹೇಳ್ರಿ" ಎಂದ. ದೊಡ್ಡವ್ವ ಫೋನನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ಅದನ್ನ ಯಾರಿಗೂ ಹೇಳಬ್ಯಾಡ್ರಿ ಅಂತ ಫೋನ್‌ನ್ಯಾಗ ಒಬ್ಬಾಕಿ ದಿನಾ ಹೇಳ್ತಾಳ. ನೀ ಯಾರಪಾ?"

"ನಾ ಕಾರ್ಡ್ ಮಾಡಾಂವ್ರಿ!"

"ಕಳ್ಳನೂ ಹಂಗ ಹೇಳ್ತಾನ."

ಮೂರು ಸಲ ಓಟಿಪಿಯ ವೇಳೆ ಮುಗಿಯಿತು. ನಾಲ್ಕನೇ ಸಲ ದೊಡ್ಡವ್ವ ಒಪ್ಪಂದಕ್ಕೆ ಬಂದಳು: ಅವನನ್ನು ಗೋಡೆಯತ್ತ ಮುಖ ಮಾಡಿ ನಿಲ್ಲಿಸಿ, ಅವನ ಕಂಪ್ಯೂಟರಿನಲ್ಲಿ ಒಂದೊಂದೇ ಅಂಕಿಯನ್ನು ತಾನೇ ಒತ್ತಿದಳು! ಹಿಂದೆ ಸಾಲಿನಲ್ಲಿ ನಿಂತಿದ್ದವರೂ ಹೆದರಿ ಗೋಡೆಯತ್ತ ತಿರುಗಿದ್ದರು.

ಕಾರ್ಡು ಬಂತು, ಆಸ್ಪತ್ರೆಗೂ ಸೇರಿಸಿದೆವು. "ಪುಕ್ಕಟೆ ಆಪರೇಶನ್ ಅಂದ್ರ ಏನರೆ ಒಂದು ತಕ್ಕೊಂತಾರ" ಎಂದು ಅವಳ ಹೊಸ ಸಂಶಯ. ಬಿಡುಗಡೆಯಾಗಿ ಹೊರಟಿದ್ದ ಒಬ್ಬ ಮನುಷ್ಯನನ್ನು ತಡೆದು, "ಅಣ್ಣಾರ, ಎರಡೂ ಕಿಡ್ನಿ ಅದಾವಿಲ್ಲೋ ನೋಡ್ಕೊಂಡ್ರಿ?" ಎಂದು ಕೇಳಿಯೇಬಿಟ್ಟಳು. ಹರ್ನಿಯಾಕ್ಕೆ ಬಂದಿದ್ದ ಆ ಪಾಪದವನು ಗಾಬರಿಬಿದ್ದು ಎರಡೂ ಪಕ್ಕೆ ತಡವಿಕೊಂಡ!

ಮರುದಿನ ಬೆಳಿಗ್ಗೆ ನರ್ಸಬಾಯಿ ಒಪ್ಪಿಗೆ ಪತ್ರ ತಂದು ಹೆಬ್ಬಟ್ಟು ಕೇಳಿದಳು. ಮತ್ತೊಂದು ಪ್ರಹಸನಕ್ಕೆ ನಾನು ಸಿದ್ಧಳಾದೆ. ಆದರೆ ದೊಡ್ಡವ್ವ ಜಗಳಕ್ಕೆ ಇಳಿಯಲಿಲ್ಲ. ಎರಡೂ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡು ಗೋಡೆ ನೋಡುತ್ತ ಕೂತಳು.

"ನಿಮ್ಮ ದೊಡ್ಡಪ್ಪ ಕಟ್ಟಡದ ಮ್ಯಾಲಿಂದ ಬಿದ್ದಾಗೂ ಹಿಂಗ ಒಂದು ಕಾಗದ ತಂದಿದ್ರು" ಎಂದಳು. "ಗುತ್ತೇದಾರನ ಕಡೆಯಾಂವ. ಔಷಧಕ್ಕ ಬೇಕಂದ, ಒತ್ತಿದೆ. ನಿಮ್ಮ ದೊಡ್ಡಪ್ಪ ತೀರಿಹೋದಮ್ಯಾಲ ಯಾರೋ ಅದನ್ನ ಓದಿ ಹೇಳಿದ್ರು. ಬಿದ್ದ ದಿನ ಅವರು ಕೆಲಸಕ್ಕ ಬಂದಿದ್ದಿಲ್ಲಂತ ಬರ್ದಿತ್ತಂತ." ಕಂಕುಳಿನ ಕೈಗಳನ್ನು ಇನ್ನೂ ಬಿಗಿ ಮಾಡಿದಳು. "ನಾನ ಬುತ್ತಿ ಕಟ್ಟಿ ಕಳಿಸಿದ್ದೆ, ಯವ್ವಾ."

ಇಷ್ಟು ವರ್ಷ ಅವಳ ಸಂಶಯಗಳನ್ನು ನಕಲು ಮಾಡಿ ಬಸ್ಸಿನ ತುಂಬ ಗೆಳತಿಯರನ್ನು ನಗಿಸಿದವಳು ನಾನು. ಸ್ಟೂಲು ಎಳೆದುಕೊಂಡು ಕೂತೆ. ಇಂಗ್ಲಿಷಿನ ಆ ಕಾಗದವನ್ನು ಸಾಲುಸಾಲಾಗಿ ಕನ್ನಡದಲ್ಲಿ ಹೇಳಿದೆ. ಏನೇನು ತೊಂದರೆಯಾಗಬಹುದು ಎಂಬುದನ್ನೂ ಬಿಡಲಿಲ್ಲ. ನರ್ಸಬಾಯಿ ಒಮ್ಮೆ ಗಡಿಯಾರ ನೋಡಿದಳು, ಆಮೇಲೆ ತಾನೂ ಹಾಸಿಗೆಯ ತುದಿಗೆ ಕೂತಳು.

"ಕೆಳಗ ಸಣ್ಣ ಅಕ್ಷರ?"

ಅದನ್ನೂ ಓದಿದೆ. ದೊಡ್ಡವ್ವ ಕೈ ಹೊರಗೆ ತೆಗೆದು ಹೆಬ್ಬಟ್ಟು ಒತ್ತಿದಳು.

ಆಪರೇಶನ್ ಸುಸೂತ್ರವಾಯಿತು. ಈಗ ರವಿವಾರ ನನಗೆ ರಜೆ ಇದ್ದಾಗ ಸುತ್ತಲಿನ ಖೋಲಿಗಳ ಹೆಂಗಸರು ತಮ್ಮ ತಮ್ಮ ಕಾಗದ ಹಿಡಿದು ಬರುತ್ತಾರೆ. ದೊಡ್ಡವ್ವನೇ ಕರೆತರುತ್ತಾಳೆ. ನಾನು ಓದಿ ಮುಗಿಸುವ ತನಕ, ಬಂದವಳ ಹೆಬ್ಬೆರಳನ್ನು ತನ್ನ ಮುಷ್ಟಿಯೊಳಗೆ ಗಟ್ಟಿಯಾಗಿ ಹಿಡಿದುಕೊಂಡು ಕೂತಿರುತ್ತಾಳೆ.