ಹಸಿರು ಬಾಂಡೂ ನಮ್ಮ ಬಾಯ್ಲರ್ ಮನೆಯೂ

ಹರಿಹರದ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ನನಗೆ ಹತ್ತೊಂಬತ್ತು ವರ್ಷ ಸರ್ವೀಸು. ನಾನು ಧೈರ್ಯವಾಗಿ ಸಹಿ ಹಾಕಿದ ಕಾಗದವೇ ಯಾವಾಗಲೂ ನನ್ನ ಕುತ್ತಿಗೆಗೆ ಬರುತ್ತದೆ. ಹಸಿರು ಬಾಂಡ್ ಬಂದ ಮೇಲಂತೂ ಇದಕ್ಕೆ ಬಿಡುವೇ ಇಲ್ಲ.

೧. ಯಜಮಾನರ ಸಂಶಯ

ಕಲ್ಲಿದ್ದಲಿನ ಹಳೇ ಬಾಯ್ಲರ್ ತೆಗೆದು, ಭತ್ತದ ಹೊಟ್ಟಿನಲ್ಲಿ ಉರಿಯುವ ಹೊಸದನ್ನು ಹಾಕಬೇಕು. ಅದಕ್ಕೆ ಹಸಿರು ಬಾಂಡ್ ಎಂಬ ಸಾಲಪತ್ರದ ಮೂಲಕ ಹಣ ಎತ್ತಬೇಕು ಎಂದಾಯಿತು. ಮುಂಬೈಯಿಂದ ಬಂದ ಸಲಹೆಗಾರರು ಒಂದು ಗಂಟೆ ವಿವರಿಸಿದರು. ಈ ಹಣ ಹೊಗೆ ತಗ್ಗಿಸುವ ಕೆಲಸಕ್ಕೇ ಹೋಗಬೇಕಂತೆ, ಅದನ್ನು ನೋಡಲು ವರ್ಷಕ್ಕೊಮ್ಮೆ ಪರೀಕ್ಷಕರು ಬರುತ್ತಾರಂತೆ. ಮೂರು ತಲೆಮಾರಿನಿಂದ ವ್ಯಾಪಾರ ಮಾಡಿಕೊಂಡು ಬಂದ ನಮ್ಮ ಯಜಮಾನರು ಎಲ್ಲ ಕೇಳಿ ನನ್ನ ಕಡೆ ತಿರುಗಿದರು.

"ಅಲ್ಲಪಾ, ರೊಕ್ಕ ಕೊಟ್ಟೋರು ಬಡ್ಡಿ ಕೇಳೋದು ನೋಡೀನಿ. ಹೊಗಿ ಯಾಕ ಕೇಳ್ತಾರ?"

ಪರೀಕ್ಷೆಯಲ್ಲಿ ತಪ್ಪು ಸಿಕ್ಕರೆ ಬಡ್ಡಿ ಏರುತ್ತದೆ ಎಂದರು ಸಲಹೆಗಾರರು. ಯಜಮಾನರ ಮುಖ ಅರಳಿತು. ಒಂದು ಗಂಟೆಯಲ್ಲಿ ಅವರಿಗೆ ಅರ್ಥವಾದ ಮೊದಲ ಮಾತು ಅದೇ.

೨. ತಾಲೀಮು

ಹೊಸ ಬಾಯ್ಲರ್ ಬಂತು. ಹಳೆಯದು ಶಾಶ್ವತವಾಗಿ ಬಂದ್ ಆಗಿದೆ, ಕಾರ್ಖಾನೆಯೊಳಗೆ ಒಂದು ತುಂಡು ಕಲ್ಲಿದ್ದಲೂ ಇಲ್ಲ ಎಂದು ನಾನು ಸಹಿ ಮಾಡಿ ಪರೀಕ್ಷಕರಿಗೆ ಕಳಿಸಿದೆ. ಅದು ಸುಳ್ಳಾದರೆ ಮೊದಲು ಹೋಗುವುದು ನನ್ನ ಕೆಲಸ ಎಂದು ಮ್ಯಾನೇಜರು ನಗುನಗುತ್ತಲೇ ಹೇಳಿದರು.

ಪರೀಕ್ಷಕರು ಬರುವ ವಾರ ಕೆಲಸಗಾರರಿಗೆ ಉತ್ತರಗಳ ತಾಲೀಮು ಶುರುವಾಯಿತು. ಇಪ್ಪತ್ತೆಂಟು ವರ್ಷ ಕಲ್ಲಿದ್ದಲು ಹಾಕಿದ ಬಾಯ್ಲರ್ ಮೇಸ್ತ್ರಿಗೆ, ಹೊಗೆ ಕಡಿಮೆಯಾಗಿದೆ, ಗಾಳಿ ಚೆನ್ನಾಗಿದೆ ಎಂದು ನಾಲ್ಕು ದಿನ ಬಾಯಿಪಾಠ ಮಾಡಿಸಿದೆವು. ಐದನೆಯ ದಿನ ಮ್ಯಾನೇಜರು ತಾವೇ ಪರೀಕ್ಷಕರಾಗಿ ನಿಂತು, ಹೊಸ ಬಾಯ್ಲರಿನಿಂದ ಏನು ಲಾಭವಾಯಿತು ಎಂದು ಕೇಳಿದರು. ಮೇಸ್ತ್ರಿ ಪಾಠ ಮರೆತ. ನಿಜವನ್ನೇ ಹೇಳಿದ.

"ಈಗ ಮನಿಗೆ ಹೋದ್ರ ಹೆಂಡ್ತಿ ಗುರುತು ಹಿಡೀತಾಳ್ರಿ."

೩. ಹಳೇ ಚಿಮಣಿ

ಪರೀಕ್ಷೆಯ ದಿನ ದಾವಣಗೆರೆಯ ಸರಸ್ವತಿ ನಗರದ ಮನೆಯಿಂದ ತಿಂಡಿಯನ್ನೂ ತಿನ್ನದೆ ಹೊರಟೆ. ಬಂದವರು ಮುಂಬೈಯ ಮೇಡಂ, ಕನ್ನಡ ಬಾರದು. ಹೊಸ ಬಾಯ್ಲರ್ ನೋಡಿ, ಹೊಟ್ಟಿನ ರಾಶಿಯ ಫೋಟೋ ತೆಗೆದು ಅಂಗಳಕ್ಕೆ ಬಂದರು. ಅಷ್ಟರಲ್ಲಿ ಹಳೇ ಚಿಮಣಿಯಿಂದ ಕಪ್ಪು ಹೊಗೆ ಎದ್ದಿತು.

ಹೋಯಿತು ಕೆಲಸ ಅಂದುಕೊಂಡೇ ಬಾಯ್ಲರ್ ಮನೆಗೆ ಓಡಿದೆ. ಹಿಂದೆಯೇ ಮೇಡಂ. ಒಳಗೆ ಹಳೇ ಬಾಯ್ಲರಿಗೆ ಹೂವಿನ ಹಾರ, ಕುಂಕುಮ, ಊದುಬತ್ತಿ. ಮುಂದೆ ಕೈಮುಗಿದು ನಿಂತ ಮೇಸ್ತ್ರಿ.

"ನಾಳೆ ಗುಜರಿಯೋರು ಒಯ್ತಾರಲ್ರಿ. ಇಷ್ಟು ವರ್ಷ ನಮಗ ಅನ್ನ ಹಾಕೈತೆ. ಉಪವಾಸ ಹೆಂಗೆ ಕಳ್ಸೋದು?"

ಮೇಡಂ ಅನುವಾದ ಕೇಳಿದರು. ಏನಾದರೂ ಸುಳ್ಳು ಹೇಳಬೇಕೆನಿಸಿತು. ಆದರೆ ಆ ಹಾರದ ಮುಂದೆ ಯಾವ ಸುಳ್ಳೂ ಹೊಳೆಯಲಿಲ್ಲ, ಇದ್ದದ್ದನ್ನೇ ಹೇಳಿದೆ. ಹಾಗಾದರೆ ಕಲ್ಲಿದ್ದಲು ಎಲ್ಲಿಂದ ಬಂತು ಎಂದರು. ಆವರಗೆರೆಯ ಕುಲುಮೆಯವನ ಹತ್ತಿರ ಒಂದು ಪುಟ್ಟ ಬುಟ್ಟಿಯಷ್ಟು ಕೊಂಡು, ಬೆಳಿಗ್ಗೆ ಬುತ್ತಿಚೀಲದಲ್ಲಿ ತಂದೆನೆಂದ ಮೇಸ್ತ್ರಿ. ಕೊಟ್ಟದ್ದು ಅವನ ಸ್ವಂತ ದುಡ್ಡು.

ಮೇಡಂ ಬಹಳ ಹೊತ್ತು ಬರೆದರು. ಬೆಂಕಿ ಪೂರ್ತಿ ಆರುವವರೆಗೆ ಅಲ್ಲೇ ಕೂತರು. ಕೊನೆಗೆ, ನಡೆದದ್ದನ್ನು ನಡೆದ ಹಾಗೇ ವರದಿಯಲ್ಲಿ ಹಾಕುತ್ತೇನೆ, ಬಾಂಡಿನ ಹಣ ಇದಕ್ಕೆ ಬಳಕೆಯಾಗಿಲ್ಲ, ಸರ್ಟಿಫಿಕೇಟು ಕೊಡುತ್ತೇನೆ ಎಂದರು. ಆದರೆ ಇನ್ನು ಮುಂದೆ ಇಲ್ಲಿ ಎಂದೂ ಕಲ್ಲಿದ್ದಲು ಹೊತ್ತಿಸುವುದಿಲ್ಲ ಎಂದು ಮೇಸ್ತ್ರಿಯೂ ಬರೆದುಕೊಡಬೇಕು.

ನನಗೆ ಹೋದ ಜೀವ ಬಂತು. ಅಲ್ಲೇ ಕಾಗದ ಬರೆದು ಮೇಸ್ತ್ರಿಯ ಕೈಗೆ ಪೆನ್ನು ಕೊಟ್ಟೆ. ಅವನು ಸಹಿ ಮಾಡಲು ಬಗ್ಗಿದವನು, ತಲೆಯೆತ್ತಿ ನನ್ನನ್ನು ಮೆಲ್ಲಗೆ ಕೇಳಿದ.

"ಸರ್ರ, ಇದರ ವರ್ಷದ ತಿಥಿಗೆ ಹೊಸಾದ್ರಾಗ ಒಂದು ಹಿಡಿ ಕಲ್ಲಿದ್ದಲು ಹಾಕಬಹುದೇನ್ರಿ?"

ಏನು ಕೇಳುತ್ತಿದ್ದಾನೆ ಎಂದರು ಮೇಡಂ.

ಸಹಿ ಎಲ್ಲಿ ಹಾಕಬೇಕೆಂದು ಕೇಳುತ್ತಿದ್ದಾನೆ ಎಂದೆ.