ಅಲ್ ವುಕೈರ್ ಪಾರ್ಕಿನ ಸುಗಂಧರಾಜ

ಪುಕ್ಕಟೆ ಸೇವೆಗೆ ಹೋದಾಗಲೆಲ್ಲ ನನಗೆ ಸಿಟ್ಟು ಬರುವಂಥದ್ದೇ ಏನಾದರೂ ಆಗುತ್ತದೆ. ಆಫೀಸಿನಲ್ಲಾದರೆ ಸಂಬಳದ ಮುಖ ನೋಡಿ ನುಂಗಿಕೊಳ್ಳಬಹುದು. ಇಲ್ಲಿ ಅದೂ ಇಲ್ಲ. ನವೆಂಬರಿನಲ್ಲಿ ಬಿಸಿಲು ತಗ್ಗಿದ ಮೇಲೆ, ಕತಾರಿನ ಅಲ್ ವುಕೈರ್‌ನ ನಮ್ಮ ಬಿಲ್ಡಿಂಗಿನ ಎದುರಿರುವ ಪಾರ್ಕಿನಲ್ಲಿ ನಮ್ಮ ಕನ್ನಡಿಗರ ಗುಂಪಿಗೆಂದೇ ಒಂದು ಪಾತಿ ಬಿಟ್ಟುಕೊಟ್ಟರು. ವಸಂತಕ್ಕೆ ಹೂ ಬರಲಿ ಎಂದು ಸುಗಂಧರಾಜದ ಗಡ್ಡೆ ನೆಡುವ ಕೆಲಸ. ವಾಟ್ಸಾಪ್ ಗುಂಪಿನಲ್ಲಿ ಮೊದಲು ಹೆಸರು ಕೊಟ್ಟವಳು ನಾನೇ. ನನ್ನ ಬುದ್ಧಿಗಿಷ್ಟು!

ಮೂವತ್ತು ಹೆಬ್ಬೆರಳು

ಗುಂಪಿನಲ್ಲಿ ಮೂವತ್ತು ಜನ ಹೆಬ್ಬೆರಳು ಎತ್ತಿದ್ದರು. ಶುಕ್ರವಾರ ಬೆಳಿಗ್ಗೆ ಆರಕ್ಕೆ ಬಂದವರು ಮೂವರು: ನಾನು, ಗುಂಪಿನ ಅಡ್ಮಿನ್, ಬಿಳೀ ಶೂ ಹಾಕಿಕೊಂಡ ಒಬ್ಬ ಬೆಂಗಳೂರು ಇಂಜಿನಿಯರ್. "ಎಲ್ಲಿದ್ದೀರಿ ಎಲ್ಲರೂ?" ಎಂದು ಮೆಸೇಜ್ ಹಾಕಿದೆ. ತಕ್ಷಣ ಒಬ್ಬರ ಉತ್ತರ: "ನಾವೆಲ್ಲ ನಿಮ್ಮ ಜೊತೆಗಿದ್ದೇವೆ ಮೇಡಂ."

ತಲೆಯೆತ್ತಿ ನೋಡಿದೆ. ಮೂರನೇ ಮಹಡಿಯ ಬಾಲ್ಕನಿಯಲ್ಲಿ ಅವರು ಕಾಫಿ ಲೋಟ ಹಿಡಿದು ಕೈ ಬೀಸುತ್ತಿದ್ದರು.

ಬೇರು ಯಾವ ಕಡೆ

ಇಂಜಿನಿಯರ್ ಟೇಪು ಹಿಡಿದು, ದಾರ ಕಟ್ಟಿ, ಎರಡು ಸಾಲು ನೆಟ್ಟು ಮುಗಿಸಿದರು. ನೋಡಿದರೆ ಎಲ್ಲ ಗಡ್ಡೆಗಳೂ ತಲೆಕೆಳಗು!

"ಸಾರ್, ಬೇರು ಕೆಳಗಿರಬೇಕಲ್ವಾ?"

"ಇಲ್ಲ ಮೇಡಂ, ವಿಡಿಯೋ ನೋಡ್ಕೊಂಡೇ ಬಂದಿದ್ದೀನಿ. ಹೀಗೇನೇ."

ನನಗೆ ಮೈ ಉರಿಯಿತು. ಅಷ್ಟರಲ್ಲಿ ಪಾರ್ಕಿನ ಮುದುಕ ಮಾಲಿ ಬಂದು, ಒಂದು ಗಡ್ಡೆ ಕಿತ್ತು, ತಿರುಗಿಸಿ ನೆಟ್ಟು, ನಗುತ್ತಾ ಹೊರಟುಹೋದ. ಬಿಸಿಲಲ್ಲಿ ಎರಡೂ ಸಾಲು ಮತ್ತೆ ಅಗೆದೆವು. ಇಂಜಿನಿಯರ್ ಶೂ ಮೇಲಿನ ಮಣ್ಣು ಒರೆಸಿಕೊಳ್ಳುತ್ತಾ ಹೇಳಿದರು: "ಮಲಗಿಕೊಂಡು ನೋಡಿದ್ದೆ ಮೇಡಂ. ಮೊಬೈಲ್ ಉಲ್ಟಾ ಹಿಡಿದಿದ್ದೆ ಅನ್ಸುತ್ತೆ."

ಮೋಡ

ನೀರು ಹಾಕಲು ಸರದಿ ಮಾಡಿದೆವು. ಮಂಗಳವಾರ ಅಡ್ಮಿನ್ ಪಾಳಿ. ಅವರು ಉಡುಪಿ ಕಡೆಯವರು. ಸಂಜೆ ದೋಹಾದ ಮುಶೈರಿಬ್‌ನ ಆಫೀಸಿನಿಂದ ಬಂದು ನೋಡುತ್ತೇನೆ, ಪಾತಿ ಒಣಗಿ ಬಿರುಕು ಬಿಟ್ಟಿದೆ. ಫೋನ್ ಮಾಡಿ ಕೂಗಾಡಿದೆ.

"ಮೋಡ ಉಂಟಲ್ಲ ಮಾರಾಯ್ರೆ, ಮಳೆ ಬರಬಹುದು ಅಂತ ಬಿಟ್ಟೆ."

"ಇದು ಉಡುಪಿಯಲ್ಲ ಸ್ವಾಮಿ, ಕತಾರ್! ಅದು ಮೋಡವಲ್ಲ, ಧೂಳು!"

"ಹೌದಾ? ಹಾಗಾದ್ರೆ ಹೊರಗೆ ನಿಲ್ಲಬೇಡಿ ಮಾರಾಯ್ರೆ, ಕೆಮ್ಮು ಬರ್ತದೆ," ಎಂದು ಫೋನಿಟ್ಟರು.

ಅವತ್ತಿನಿಂದ ಎಲ್ಲರ ಪಾಳಿಯೂ ನನ್ನದೇ ಆಯಿತು.

ಕಳ್ಳರು

ಮಾರ್ಚ್ ಕೊನೆಗೆ ಮೊದಲ ಹೂದಂಟು ಬಂತು. ನಾಲ್ಕು ತಿಂಗಳು ನೀರು ಹೊತ್ತಿದ್ದೆ. ಅದನ್ನು ನೋಡಿ ನಿಜವಾಗಿ ಕಣ್ಣು ತುಂಬಿತು. ಮಾರನೇ ಬೆಳಿಗ್ಗೆ ಹೋದರೆ ಯಾರೋ ಬುಡಕ್ಕೇ ಕತ್ತರಿಸಿದ್ದಾರೆ!

ಪಾರ್ಕಿನ ಕಾವಲುಗಾರನ ಹತ್ತಿರ ಹೋಗಿ, ಬರುವಷ್ಟು ಹಿಂದಿಯಲ್ಲಿ ಕಿರುಚಿದೆ: "ಯಾರ ಕೈಲಿ ಈ ಹೂ ಕಂಡರೂ ಹಿಡಿ. ಯಾರನ್ನೂ ಬಿಡಬೇಡ!" ನೇಪಾಳದವನು, ಸೆಲ್ಯೂಟ್ ಹೊಡೆದ.

ಸಂಜೆ, ಪಾರ್ಕಿನ ಆಚೆ ಬದಿಯಲ್ಲಿರುವ, ನಾವೆಲ್ಲ ಅತ್ತಿಗೆ ಎಂದು ಕರೆಯುವ ಮೈಸೂರಿನವರೊಬ್ಬರ ಮನೆಯಲ್ಲಿ ಪೂಜೆ. ಒಳಗೆ ಕಾಲಿಟ್ಟರೆ ಗಮಗಮ ಪರಿಮಳ. ದೇವರ ಪಟದ ಮೇಲೆ ನನ್ನ ಸುಗಂಧರಾಜ!

"ಹೂ ಎಲ್ಲಿಂದ ಅತ್ತಿಗೆ?"

"ಪಾರ್ಕಲ್ಲಿ ಯಾರೋ ಪುಣ್ಯಾತ್ಮರು ನೆಟ್ಟಿದ್ದಾರೆ ಕಣಮ್ಮ. ದಿನಾ ನೀರು ಬೇರೆ ಹಾಕ್ತಾರಂತೆ. ಕೆಲಸ ಇಲ್ದೋರು ಅನ್ಸುತ್ತೆ!"

ದೇವರ ಎದುರು ಬೈಯುವುದು ಹೇಗೆ? ಹಲ್ಲು ಕಚ್ಚಿಕೊಂಡು ಕೈ ಮುಗಿದೆ. ಅವರು ಕುಂಕುಮ ಇಟ್ಟು, ಉಳಿದ ನಾಲ್ಕು ಹೂ ದಾರದಲ್ಲಿ ಕಟ್ಟಿ ನನ್ನ ಜಡೆಗೇ ಮುಡಿಸಿಬಿಟ್ಟರು.

ಕುದಿಯುತ್ತಾ ಪಾರ್ಕು ದಾಟುತ್ತಿದ್ದೆ. ಕಾವಲುಗಾರ ಅಡ್ಡ ಬಂದು ನಿಂತು, ನನ್ನ ಜಡೆಯನ್ನು ಮೂಸಿದಂತೆ ನೋಡಿದ.

"ಇದನ್ನು ನೆಟ್ಟವಳೇ ನಾನಪ್ಪಾ! ಬೆಳಿಗ್ಗೆ ನಿನಗೆ ದೂರು ಕೊಟ್ಟವಳೂ ನಾನೇ!" ಎಂದು ಅರಚಿದೆ.

ಅವನು ನಿಧಾನವಾಗಿ ತಲೆಯಾಡಿಸಿದ. "ಅದಕ್ಕೇ ಮೇಡಂ, ನನಗೆ ಬೆಳಿಗ್ಗೇನೇ ನಿಮ್ಮ ಮೇಲೆ ಅನುಮಾನ ಬಂದಿತ್ತು."