ಎರಡನೇ ನಂಬರ್ ಇಲ್ಲದ ಗಿರಣಿ

ಬಾತಿ ದಾಟಿ ಹರಿಹರಕ್ಕೆ ಹೋಗುವ ರಸ್ತೆಯಲ್ಲಿರುವ ಶೇಂಗಾ ಬೆಳೆಗಾರರ ಸಹಕಾರಿ ಎಣ್ಣೆ ಗಿರಣಿಯಲ್ಲಿ ಎರಡನೇ ನಂಬರಿನ ವಿಭಾಗ ಇಲ್ಲ. 1998ರ ಆಗಸ್ಟ್‌ನಲ್ಲಿ ಆಡಳಿತ ಮಂಡಳಿ ಇದನ್ನು ಸರ್ವಾನುಮತದಿಂದ ಗೊತ್ತುಪಡಿಸಿದೆ. ಒಂದನೇ ನಂಬರಿನವು ಎರಡಿವೆ, ನಾಲ್ಕನೇ ನಂಬರಿನದು ಒಂದಿದೆ. ಒಟ್ಟು ಮೂರು. ಲೆಕ್ಕ ಸರಿಯಾಗಿದೆ.

ಸರಿಯಿಲ್ಲ ಎನ್ನುತ್ತಿದ್ದವಳು ಬಿಂದು ಒಬ್ಬಳೇ. ಅವಳು ಎಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಎಸ್ಸಿ. ಮಾಡಿ ಗಿರಣಿಗೆ ಆರು ತಿಂಗಳ ತರಬೇತಿಗೆಂದು ಸೇರಿದ್ದಳು. ಆ ಆರು ತಿಂಗಳು ಐದು ಸಲ ಮುಂದುವರಿದು ಮೂರು ವರ್ಷವಾಗಿತ್ತು. ಕೊನೆಯ ಆದೇಶದಲ್ಲಿ ಮಾತ್ರ ಒಂದು ಹೊಸ ಸಾಲಿತ್ತು: "ಹೊಸ ಪರದೆಯ ಮೇಲೆ ಮೂರು ಅಂಕಿಗಳು ಕಾಣಿಸಿದ ದಿನದಿಂದ ಸದರಿಯವರನ್ನು ಕಾಯಂಗೊಳಿಸತಕ್ಕದ್ದು. ಸೆಪ್ಟೆಂಬರ್ 30ರೊಳಗೆ ಕಾಣಿಸದಿದ್ದಲ್ಲಿ ಸದರಿಯವರು ತಾವೂ ಕಾಣಿಸತಕ್ಕದ್ದಲ್ಲ."

ಪರದೆ ಎಂದರೆ ಎರಡು ಗೇಣು ಅಗಲದ ಟಚ್‌ಸ್ಕ್ರೀನ್. ಎಣ್ಣೆ ಹಿಂಡುವ ಎಕ್ಸ್‌ಪೆಲ್ಲರ್, ಅದನ್ನು ಶುದ್ಧ ಮಾಡುವ ರಿಫೈನರಿ, ಉಗಿ ಕೊಡುವ ಬಾಯ್ಲರ್ ಎಂಬ ಮೂರು ವಿಭಾಗಗಳಲ್ಲಿ ಯಂತ್ರಗಳನ್ನು ನಡೆಸಲು ಒಂದೊಂದು ಕಂಟ್ರೋಲರ್ ಪೆಟ್ಟಿಗೆ ಇತ್ತು. ಮೂರನ್ನೂ ಒಂದೇ ವೈರಿಗೆ ಸೇರಿಸಿದರೆ ಪರದೆ ಒಂದೊಂದನ್ನೂ ನಂಬರ್ ಹಿಡಿದು ಕರೆದು, ಅದರ ಅಂಕಿ ಕೇಳಿ ಒಂದೊಂದು ಚೌಕದಲ್ಲಿ ತೋರಿಸುತ್ತದೆ. ಕಂಪನಿಯಿಂದ ಬರುವಾಗ ಎಲ್ಲ ಪೆಟ್ಟಿಗೆಗಳ ನಂಬರೂ ಒಂದೇ ಇರುತ್ತದೆ. ಬೇರೆ ಮಾಡಲು ಒಳಗೊಂದು ಸಣ್ಣ ತಿರುಗಣೆ ಇದೆ. ಸ್ಕ್ರೂಡ್ರೈವರ್ ಇದ್ದರೆ ಅರ್ಧ ನಿಮಿಷದ ಕೆಲಸ.

ಅನುಮತಿಗಾಗಿ ಬಿಂದು ವ್ಯವಸ್ಥಾಪಕ ನಿರ್ದೇಶಕ ಬಕ್ಕೇಶಪ್ಪನವರ ಬಳಿ ಹೋದಳು.

"ಸರ, ಪರದೆ 'ಒಂದು' ಅಂತ ಕರೆದ್ರೆ ಮೂರೂ ಒಮ್ಮೆಗೇ ಓ ಅಂತಾವೆ. ಯಾರ ಮಾತೂ ತಿಳಿಯಲ್ಲ."

"ನಮ್ಮ ಮಂಡಳಿ ಸಭೆನೂ ಹಂಗೇ ಅಲ್ಲೇನವ್ವ?" ಎಂದರು ಬಕ್ಕೇಶಪ್ಪ. "ಆದ್ರೂ ನಡಾವಳಿ ಬರೀತೀವಲ್ಲ."

ಆದರೂ ಅವರು ಮೂರೂ ವಿಭಾಗದವರನ್ನು ಕರೆಸಿದರು. ಎಕ್ಸ್‌ಪೆಲ್ಲರ್‌ನ ಮಾಲತೇಶಪ್ಪ ಕೂರುವ ಮೊದಲೇ ತೀರ್ಪು ಕೊಟ್ಟರು.

"ಎಣ್ಣೆ ಹುಟ್ಟೋದೇ ನನ್ನಲ್ಲಿ. ನಾನು ಒಂದು."

"ಹಂಗಾದ್ರೆ ನಂದು ಎರಡಾ?" ರಿಫೈನರಿಯ ಕರಿಬಸವರಾಜ ಎದ್ದು ನಿಂತರು. "ಎರಡನೇ ನಂಬರ್ ಎಣ್ಣೆ ಅಂದ್ರೆ ಪ್ಯಾಟಿಯಾಗ ಏನರ್ಥ ಗೊತ್ತೈತೇನ್ರಿ? ಬೆರಕೆ ಮಾಲು ಅಂತ."

"ನೀವು ಬೆರೆಸಲ್ವೇನು?"

"ಬೆರೆಸೋದು ಬ್ಯಾರೆ, ನಂಬರ್ ಬ್ಯಾರೆ."

ಬಿಂದು ಸಮಾಧಾನದಿಂದ ವಿವರಿಸಿದಳು. "ಸರ, ಇದು ದರ್ಜೆ ಅಲ್ಲ. ಬರೀ ವಿಳಾಸ. ಮನೆ ನಂಬರ್ ಇದ್ದಂಗೆ."

"ನಮ್ಮನೆ ನಂಬರೂ ಒಂದೇ ತಂಗಿ," ಎಂದರು ಕರಿಬಸವರಾಜ. "ಮೊದ್ಲು ಹದಿನಾಲ್ಕಿತ್ತು. ಅರ್ಜಿ ಕೊಟ್ಟು ಬದಲಾಯಿಸ್ಕೊಂಡೀವಿ."

ಬಾಗಿಲ ಬಳಿ ನಿಂತಿದ್ದ ಬಾಯ್ಲರ್ ಭರಮಣ್ಣ ಸಾರಥಿ ಎಂಬ ಊರಿನಿಂದ ದಿನಾ ಸೈಕಲ್ ತುಳಿದು ಬರುವವನು. ಅವನಿಗೆ ಬೇಗ ಕೆಲಸಕ್ಕೆ ಹೋಗಬೇಕಿತ್ತು. "ನಂಗೆ ಯಾವ್ದಾದ್ರೂ ಕೊಡ್ರಿ. ನಮ್ಮ ಹೊಸ ಜಿಲ್ಲೆ ಗಾಡಿಗಳಿಗೆ ಹದಿನೇಳು ಅಂತ ನಂಬರ್ ಕೊಟ್ಟಾರೆ. ಅದಕ್ಕೇ ಯಾರಾದ್ರೂ ಗಾಡಿ ಹತ್ತೋದು ಬಿಟ್ಟಾರೇನು?"

ಅವನಿಗೆ ಮೂರು ಎಂದು ತೀರ್ಮಾನವಾಯಿತು. ಮರುದಿನವೇ ಸಿಬ್ಬಂದಿ ಶಾಖೆಯ ಆಕ್ಷೇಪಣೆ ಬಂತು: "ಸದರಿ ಭರಮಣ್ಣ ನಾಲ್ಕನೇ ದರ್ಜೆ ನೌಕರ. ಮೂರನ್ನು ನೀಡಿದಲ್ಲಿ ಪರೋಕ್ಷವಾಗಿ ಬಡ್ತಿ ನೀಡಿದಂತಾಗುತ್ತದೆ. ಮೂರನೇ ದರ್ಜೆಯಲ್ಲಿ ಹುದ್ದೆ ಖಾಲಿ ಇರುವುದಿಲ್ಲ." ಆದ್ದರಿಂದ ನಾಲ್ಕು ಕೊಡಲಾಯಿತು. ಬಿಂದು ತಿರುಗಣೆ ತಿರುಗಿಸಿದಳು. ಪರದೆಯ ಮೂರನೇ ಚೌಕದಲ್ಲಿ ಉಗಿಯ ಒತ್ತಡ ಮೂಡಿತು: 9. ಭರಮಣ್ಣ ಹೋಗಿ ಬಾಯ್ಲರಿನ ಮೀಟರ್ ನೋಡಿ ಬಂದು, "ಅಲ್ಲೂ ಒಂಬತ್ತೇ ಐತವ್ವ," ಎಂದ. ಆ ಇಡೀ ತಿಂಗಳು ಗಿರಣಿಯಲ್ಲಿ ಯಾರಾದರೂ ಏನನ್ನಾದರೂ ಹೋಗಿ ನೋಡಿ ಬಂದದ್ದು ಅದೊಂದೇ ಸಲ.

ಉಳಿದ ಎರಡರ ಜ್ಯೇಷ್ಠತೆ ನಿರ್ಧರಿಸಲು ಉಪಸಮಿತಿ ನೇಮಕವಾಯಿತು. ಮೂರೂ ಪೆಟ್ಟಿಗೆಗಳು ಒಂದೇ ಲಾರಿಯಲ್ಲಿ ಬಂದಿದ್ದರಿಂದ ಯಾವುದು ಮೊದಲು ಇಳಿಯಿತೆಂದು ಹಮಾಲರ ಹೇಳಿಕೆ ಪಡೆಯಲಾಯಿತು. ಮೊದಲು ಇಳಿದದ್ದು ಬಾಯ್ಲರಿನದು ಎಂದು ಹಮಾಲರು ಹೇಳಿದ್ದರಿಂದ ಅವರು ಆ ದಿನ ಕೆಲಸಕ್ಕೆ ಬಂದಿರಲಿಲ್ಲವೆಂದು ದಾಖಲಿಸಲಾಯಿತು.

ಕೊನೆಗೆ ಬಕ್ಕೇಶಪ್ಪನವರೇ ದಾರಿ ತೋರಿಸಿದರು. "ಒಂದೂ ಬ್ಯಾಡ, ಎರಡೂ ಬ್ಯಾಡ. ಮದುವ್ಯಾಗ ಮುಯ್ಯಿ ಮಾಡ್ತೀವಲ್ಲ, ಹಂಗೆ ಶುಭ ಸಂಖ್ಯೆ ಇಡ್ರಿ. ಒಬ್ರಿಗೆ ಹನ್ನೊಂದು, ಒಬ್ರಿಗೆ ಇಪ್ಪತ್ತೊಂದು."

"ಇಪ್ಪತ್ತೊಂದು ನಂದು," ಎಂದರು ಮಾಲತೇಶಪ್ಪ.

"ಹಂಗಾದ್ರೆ ನಂದು ಐವತ್ತೊಂದು."

"ನೂರಾ ಒಂದು!"

ಬಿಂದು ಪೆಟ್ಟಿಗೆಗಳೊಂದಿಗೆ ಬಂದಿದ್ದ ಪುಸ್ತಕ ತೆರೆದು ನೋಡಿದಳು. "ಸರ, ಇದ್ರಾಗೆ ಮೂವತ್ತೊಂದರ ಮ್ಯಾಲೆ ನಂಬರ್ ಇಲ್ಲ."

"ಎಂಥಾ ಬಡ ಕಂಪನಿ ಮಾಲು ತಂದೀರ್ರಿ!" ಎಂದು ಇಬ್ಬರೂ ಮೊದಲ ಬಾರಿಗೆ ಒಂದಾಗಿ ಬೇಸರಪಟ್ಟುಕೊಂಡರು. ಆ ಒಗ್ಗಟ್ಟಿನಲ್ಲೇ ಸುತ್ತೋಲೆ ಹೊರಟಿತು: "ಎಕ್ಸ್‌ಪೆಲ್ಲರ್ ಮತ್ತು ರಿಫೈನರಿ ವಿಭಾಗಗಳಿಗೆ ಸಮಾನ ಗೌರವದ ಒಂದನೇ ನಂಬರನ್ನು ಮಂಜೂರು ಮಾಡಿದೆ. ಎರಡು ಮತ್ತು ಮೂರನೇ ನಂಬರುಗಳನ್ನು ಗಿರಣಿಯ ಆವರಣದಲ್ಲಿ ರದ್ದುಪಡಿಸಿದೆ. ಉಲ್ಲಂಘಿಸಿದವರ ಮೇಲೆ ಶಿಸ್ತುಕ್ರಮ ಜರುಗಿಸಲಾಗುವುದು."

ಸೆಪ್ಟೆಂಬರ್ ಎರಡನೇ ವಾರ ಎಲ್ಲರೂ ಊಟಕ್ಕೆ ಹೋಗಿದ್ದಾಗ ಬಿಂದು ಉಲ್ಲಂಘಿಸಿದಳು. ರಿಫೈನರಿಯ ತಿರುಗಣೆಯನ್ನು ಎರಡಕ್ಕೆ ತಿರುಗಿಸಿ ಓಡಿ ಬಂದು ಪರದೆ ನೋಡಿದಳು. 64, 88, 9. ಮೋಟಾರಿನ ಬಿಸಿ, ಎಣ್ಣೆಯ ಬಿಸಿ, ಉಗಿಯ ಒತ್ತಡ. ಮೂರೂ ಬೇರೆ ಬೇರೆ, ಮೂರೂ ನಿಜ. ಅವಳು ಕೂರಲಿಲ್ಲ, ಊಟದ ಡಬ್ಬಿ ಬಿಚ್ಚಲಿಲ್ಲ. ಹನ್ನೊಂದು ನಿಮಿಷ ನೋಡುತ್ತ ನಿಂತಳು. ಆಮೇಲೆ ಮೊದಲ ಎರಡು ಚೌಕಗಳು ಒಟ್ಟಿಗೇ ಖಾಲಿಯಾದವು.

ಕರಿಬಸವರಾಜ ಸ್ಕ್ರೂಡ್ರೈವರ್ ಹಿಡಿದೇ ಬಂದರು. "ತಂಗಿ, ಕೈ ಇಟ್ಟಾಕಿ ನೀನಾ?"

"ಹೌದ್ರಿ ಸರ. ಹನ್ನೊಂದು ನಿಮಿಷ ಮೂರೂ ಬಂದ್ವು."

"ಬಂದಿರ್ಬೋದು. ನನ್ನ ಮರ್ಯಾದೆ ಹೋಗಿದ್ದೂ ಹನ್ನೊಂದೇ ನಿಮಿಷ ಅಂತ ಸುಮ್ನದೀನಿ." ಅವರು ಪೆಟ್ಟಿಗೆಗೆ ಬೀಗ ಹಾಕಿಸಿ, ಅದರ ಮೇಲೆ ಅರಗಿನ ಮುದ್ರೆ ಒತ್ತಿಸಿದರು.

ಅಂಕಿಗಳು ಕಾಣಿಸಿದ್ದು ನಿಜವಾದ್ದರಿಂದ ತನ್ನನ್ನು ಕಾಯಂ ಮಾಡಬೇಕೆಂದು ಬಿಂದು ಅರ್ಜಿ ಕೊಟ್ಟಳು. ಬಕ್ಕೇಶಪ್ಪ ಕನ್ನಡಕ ಹಾಕಿಕೊಂಡು ಓದಿದರು. "ಹನ್ನೊಂದು ನಿಮಿಷಕ್ಕೆ ಕಾಯಂ ಮಾಡಿದ್ರೆ ಹನ್ನೊಂದೇ ನಿಮಿಷ ಕಾಯಂ ಆಗ್ತೀಯಲ್ಲವ್ವ. ಆಮ್ಯಾಲೆ ಏನ್ ಮಾಡ್ತಿ?"

ಇಪ್ಪತ್ತೆಂಟನೇ ತಾರೀಕು ಅವರೇ ಅವಳನ್ನು ಕರೆಸಿದರು. ಮರುದಿನ ಬೆಂಗಳೂರಿನಿಂದ ತಪಾಸಣಾಧಿಕಾರಿ ಬರುವವರಿದ್ದರು.

"ಆ ನಾಲ್ಕನೇ ನಂಬರ್ ಒಂದು ಚಂದಾಗಿ ಮಾತಾಡ್ತೈತಲ್ಲ. ಮೂರೂ ಚೌಕಕ್ಕೆ ಅದನ್ನೇ ಕೇಳು."

"ಸರ, ಅದು ಬಾಯ್ಲರಿಂದು."

"ನಿನ್ನ ಆದೇಶದಾಗೆ 'ಮೂರು ಅಂಕಿಗಳು' ಅಂತ ಐತೆ. ಯಾರವು ಅಂತ ಐತೇನು?"

ಇರಲಿಲ್ಲ. ಬಿಂದು ಕ್ರಮವಾಗಿ ಯೋಚಿಸುವವಳು. ನಿಜ ತೋರಿಸಲು ಬೀಗದ ಕೈ ಬೇಕು, ಅದು ಕರಿಬಸವರಾಜರ ಜೇಬಿನಲ್ಲಿದೆ. ಇದನ್ನು ತೋರಿಸಲು ಪರದೆಯ ಮೊದಲ ಎರಡು ಚೌಕಗಳ ನಂಬರಿನ ಜಾಗದಲ್ಲಿ ನಾಲ್ಕನ್ನು ಒಂದೊಂದು ಸಲ ಒತ್ತಿದರೆ ಸಾಕು, ಬೆರಳು ತನ್ನದೇ. ನಾಡಿದ್ದು ಸೆಪ್ಟೆಂಬರ್ ಮೂವತ್ತು. ಅವಳು ಒತ್ತಿದಳು.

ಅಧಿಕಾರಿ ಪರದೆಯ ಮುಂದೆ ಬಹಳ ಹೊತ್ತು ನಿಂತರು. 9, 9, 9.

"ಮೂರೂ ಒಂದೇ ಇದೆಯಲ್ಲ?"

"ಸಹಕಾರಿ ಸಂಸ್ಥೆ ಸರ," ಎಂದರು ಬಕ್ಕೇಶಪ್ಪ. "ನಮ್ಮಲ್ಲಿ ಯಾರೂ ಹೆಚ್ಚಿಲ್ಲ, ಯಾರೂ ಕಮ್ಮಿ ಇಲ್ಲ."

ಅಧಿಕಾರಿ ಅದನ್ನು ಬರೆದುಕೊಂಡರು. ಜಿಲ್ಲೆಯ ಉಳಿದ ಗಿರಣಿಗಳಲ್ಲಿ ಈ ಮಟ್ಟದ ಹೊಂದಾಣಿಕೆ ಏಕಿಲ್ಲವೆಂದು ವಿವರಣೆ ಕೇಳುವುದಾಗಿ ಹೇಳಿ ಹೋದರು.

ಅಂದಿನಿಂದ ಗಿರಣಿ ಪರದೆ ನೋಡಿಕೊಂಡು ನಡೆಯತೊಡಗಿತು. ಅಂಕಿ ಎಂಟಕ್ಕೆ ಇಳಿದರೆ ಮಾಲತೇಶಪ್ಪ ಬಾಯ್ಲರ್ ಕೋಣೆಗೆ ಬರುತ್ತಿದ್ದರು. "ಭರಮಣ್ಣ, ನನ್ನ ಎಕ್ಸ್‌ಪೆಲ್ಲರ್ ತಣ್ಣಗಾಗೈತೆ, ಇನ್ನೆರಡು ಬುಟ್ಟಿ ಹೊಟ್ಟು ಹಾಕಪ್ಪ." ಹಿಂದೆಯೇ ಕರಿಬಸವರಾಜ ಬಂದು, ಹಾಗಾದರೆ ರಿಫೈನರಿಗೆ ಮೂರು ಬುಟ್ಟಿ ಹಾಕಬೇಕೆನ್ನುತ್ತಿದ್ದರು. ಭರಮಣ್ಣ ಇಬ್ಬರಿಗೂ ಆಗಲಿ ಎಂದು ಎರಡೂವರೆ ಹಾಕುತ್ತಿದ್ದ.

ಕಾಯಂ ಆದೇಶ ಬಿಂದುವಿನ ಕೈಗೆ ಬಂದದ್ದು ಅಕ್ಟೋಬರ್‌ನಲ್ಲಿ, ಒಂದು ಸೋಮವಾರ. ಹುದ್ದೆ, ಪರದೆ ಸಹಾಯಕಿ. ಕರ್ತವ್ಯ ಒಂದೇ: "ಪರದೆಯಲ್ಲಿ ಕಂಡದ್ದನ್ನು ದಾಖಲಿಸತಕ್ಕದ್ದು. ಕಣ್ಣಿಗೆ ಕಂಡದ್ದನ್ನು ದಾಖಲಿಸತಕ್ಕದ್ದಲ್ಲ."

ಅಂದು ಬಾಯ್ಲರ್ ಆರಿಸಿ ತೊಳೆಯುವ ದಿನವಾಗಿತ್ತು. ಪರದೆಯಲ್ಲಿ 0, 0, 0. ಬಿಂದು ರಿಜಿಸ್ಟರಿನಲ್ಲಿ "ಗಿರಣಿ ನಿಂತಿದೆ" ಎಂದು ಬರೆದು, ಸಹಿಗಾಗಿ ಎಕ್ಸ್‌ಪೆಲ್ಲರ್ ಮನೆಗೆ ಹೋದಳು. ಉಗಿಯ ಹಂಗಿಲ್ಲದೆ ಕರೆಂಟಿನಲ್ಲಿ ನಡೆಯುವ ಎಕ್ಸ್‌ಪೆಲ್ಲರ್‌ಗಳೆಲ್ಲ ಗುಡುಗುತ್ತಿದ್ದವು. ನೆಲ ನಡುಗುತ್ತಿತ್ತು, ಎಣ್ಣೆ ಧಾರೆಯಾಗಿ ಸುರಿಯುತ್ತಿತ್ತು.

"ಸರ, ಗಿರಣಿ ನಿಂತೈತೆ!" ಎಂದು ಕೂಗಿದಳು.

"ಏನು?"

"ನಿಂತೈತೆ ಅಂತ ಸಹಿ ಮಾಡ್ರಿ!"

ಮಾಲತೇಶಪ್ಪ ಕಿವಿಗೆ ಕೈ ಒಡ್ಡಿದರು. ಕೇಳಿಸಲಿಲ್ಲ. ರಿಜಿಸ್ಟರ್ ಇಸಿದುಕೊಂಡು ಎರಡು ಸಲ ಓದಿ, ಅದುರುತ್ತಿದ್ದ ಮೇಜಿನ ಮೇಲಿಟ್ಟು ಸಹಿ ಮಾಡಿದರು. ಸಹಿ ಅಲ್ಲಾಡಿತು. ಆಮೇಲೆ ಅವಳ ಕಿವಿಯ ಹತ್ತಿರ ಬಾಯಿ ತಂದು, ಕುತ್ತಿಗೆಯ ನರ ಉಬ್ಬುವಂತೆ ಕಿರುಚಿದರು:

"ಮೆಲ್ಲಗೆ ಮಾತಾಡವ್ವ! ನಿಂತ ಗಿರಣಿಯಾಗೆ ಯಾಕ ಕೂಗ್ತೀ?"

ಬಿಂದು ದನಿ ತಗ್ಗಿಸಿ ಏನೋ ಹೇಳಿದಳು. ಯಾರಿಗೂ ಕೇಳಿಸಲಿಲ್ಲ. ಎಲ್ಲರೂ ತಲೆಯಾಡಿಸಿದರು.